ಮಡಚದ ಚಾಪೆ

"ಕಪ್ಪು ದಾರ ಕಟ್ಟಿದ ಕೀ ಬಂದ್ರೆ ಮುಟ್ಟಬೇಡಿ ಅಳಿಯಂದ್ರೇ. ಹಾಗೇ ವಾಪಸ್ ಕಳಿಸಿ."

ಬೀಗದ ಅಂಗಡಿಯನ್ನು ಒಪ್ಪಿಸಿ ಹೊರಟ ಮಾವ ಹೇಳಿದ್ದು ಇಷ್ಟೇ. ಅಳಿಯ ಕಿಸಕ್ಕನೆ ನಕ್ಕ. "ಕೀಗೂ ದೆವ್ವ ಹಿಡಿಯುತ್ತಾ ಮಾವ?" ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಕಸುಬಿಗೆ ಬಂದು ವರ್ಷ ತುಂಬದ ಇವನಿಗೆ ಊರಿನ ಬೀಗಗಳನ್ನೆಲ್ಲ ಬಿಚ್ಚಿ ನೋಡುವ ಹುರುಪು.

ಮಾವ ಬೀದಿ ತಿರುಗುವಷ್ಟರಲ್ಲಿ ಬೂದು ಕೋಟಿನ ಗಿರಾಕಿ ಬಂದ. ಅವನ ಜೊತೆಗೇ ಸುಟ್ಟ ಕೂದಲಿನ ವಾಸನೆಯೂ ಬಂತು. ಮೇಜಿನ ಮೇಲಿಟ್ಟ ಕೀಗೆ ಕಪ್ಪು ದಾರ ಸುತ್ತಿತ್ತು.

"ಇದರ ಜೋಡಿ ಮಾಡಿ. ಮಾಡಿದ್ದು ನಿಮಗೇ. ಯಾವ ಬೀಗ ಆದ್ರೂ ತೆಗೆಯುತ್ತೆ."

"ಬದಲಿಗೆ?"

"ಒಂದು ಮಾತು. ಇನ್ಮೇಲೆ ಈ ಕೀನೇ ನನ್ನ ದೇವರು ಅಂತ ಹೇಳಿ, ಸಾಕು."

ಪ್ರತಿ ಸಂಜೆ ಹೆಂಡತಿಯ ಪಕ್ಕದ ಚಾಪೆಯಲ್ಲಿ ಕೂತು ಪ್ರಾರ್ಥಿಸುತ್ತಿದ್ದವನು ಇವನು. 'ನಿನ್ನ ಕೈ ಬಿಡೋದಿಲ್ಲ' ಎಂದು ಮದುವೆಯ ದಿನ ದೇವರಿಗೆ ಮಾತು ಕೊಟ್ಟವನು. ಬಾಯಿಮಾತಿನಿಂದ ಏನು ಗಂಟು ಹೋಗುತ್ತದೆ ಎಂದುಕೊಂಡು ಹೇಳಿಯೇ ಬಿಟ್ಟ. ಜೋಡಿ ಸಿದ್ಧವಾದಾಗ ಗಿರಾಕಿ ತನ್ನ ಕೀ ಎತ್ತಿಕೊಂಡು ಹೋದ.

ಹೊಸ ಕೀಯನ್ನು ಹಲಗೆಗೆ ಬಡಿದ ಬೀಗದಲ್ಲಿ ಪರೀಕ್ಷಿಸುವುದು ಅಂಗಡಿಯ ಪದ್ಧತಿ. ಅದು ಇವನಿಗೆ ಸಪ್ಪೆ ಎನಿಸಿತು. ತಾನೇ ಮಾಡಿದ, ಯಾರೂ ತೆಗೆಯಲಾಗದ ಬೀಗ ತನ್ನ ಮನೆಯ ಬಾಗಿಲಲ್ಲೇ ಇತ್ತಲ್ಲ! ಹೋಗಿ ಹಾಕಿದ. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ತನ್ನ ಕೀ ತೆರೆದ ಬಾಗಿಲು ಗಿರಾಕಿಯ ಕೈಯಲ್ಲಿರುವ ಅದರ ಜೋಡಿಗೂ ತೆರೆದಂತೆ ಎಂಬ ಯೋಚನೆ ಮಾತ್ರ ಬರಲಿಲ್ಲ. ಅಷ್ಟು ಬುದ್ಧಿವಂತ, ಪಾಪ!

ಆಮೇಲೆ ಊರಿನಲ್ಲಿ ಇವನದೇ ಹೆಸರು. ಆದರೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ದಿಂಬಿನಡಿ ಇಟ್ಟ ಕೀ ಹಲ್ಲು ಕಡಿಯುತ್ತಿತ್ತು. "ಪ್ರಾರ್ಥನೆಗೆ ಬನ್ರೀ," ಎಂದರೆ ಹೆಂಡತಿಯ ಮೇಲೆ ರೇಗುತ್ತಿದ್ದ. ಅವಳು ಎರಡೂ ಚಾಪೆ ಹಾಸಿ ಒಬ್ಬಳೇ ಕೂರುತ್ತಿದ್ದಳು.

ಒಂದು ಮುಸ್ಸಂಜೆ ಮನೆಗೆ ಬಂದಾಗ ಒಳಗೆ ದೀಪವಿರಲಿಲ್ಲ. ಕೀ ಹಾಕಿದ. ತಿರುಗಲಿಲ್ಲ.

"ಯಾರು?" ಎಂದಳು ಹೆಂಡತಿ.

"ನಾನು ಕಣೇ. ಬಾಗಿಲು ತೆಗಿ."

ಕತ್ತಲಲ್ಲಿ ಇನ್ನೊಂದು ದನಿ ನಕ್ಕಿತು. ಅವನದೇ ದನಿ. "ತೆಗೀಬೇಡ. ನಾನು ಒಳಗೇ ಇದ್ದೀನಲ್ಲ."

ಸುಟ್ಟ ಕೂದಲಿನ ವಾಸನೆ. ಬೀಗದ ತೂತಿನಿಂದಲೇ ಬರುತ್ತಿತ್ತು. ಕೀ ಕಿತ್ತೆಸೆಯಲು ಹೋದ. ಬರಲಿಲ್ಲ. ಹೆಬ್ಬೆರಳಿಗೆ ಅಂಟಿತ್ತು. ಕಚ್ಚಿತು. ಕೂಗಿದ. ಗಂಟಲಿನಿಂದ ಗಾಳಿಯಷ್ಟೇ ಬಂತು. ದನಿ ಒಳಗಿತ್ತು. ಒಳಗೆ ಹೆಜ್ಜೆ ಸಪ್ಪಳ. ಅವಳ ಕಡೆಗೆ. ಇನ್ನೂ ಹತ್ತಿರ.

ಯಾವ ಮುಖ ಇಟ್ಟುಕೊಂಡು ದೇವರನ್ನು ಕರೆಯುವುದು? ಆದರೂ ಹೊಸ್ತಿಲಿಗೆ ಹಣೆಯಿಟ್ಟ. ಬರಿ ತುಟಿಯಲ್ಲೇ ಹೇಳಿದ. "ಕೈ ಬಿಟ್ಟವನು ನಾನೇ. ನೀನು ಬಿಡಬೇಡ. ನನ್ನನ್ನ ಒಳಗೆ ಕರ್ಕೋ."

ಒಳಗೆ ಹೆಂಡತಿ ಆ ದನಿಗೆ ಅಂದಳು. "ನೀವು ನನ್ನ ಗಂಡನೇ ಆದ್ರೆ ಬಂದು ನಿಮ್ಮ ಚಾಪೆ ಮೇಲೆ ಕೂತ್ಕೊಳ್ಳಿ."

ಹೆಜ್ಜೆ ನಿಂತಿತು.

ಅವನದೇ ದನಿಯ ಚೀತ್ಕಾರ. ಗೋಡೆ ಅದುರಿತು. ಏನೋ ಬಿಸಿಯಾದದ್ದು ಅವನ ಮುಖ ಸವರಿಕೊಂಡು ಹೊರಗೆ ಹಾರಿತು. ಕೀ ಠಣ್ ಎಂದು ಬಿತ್ತು. ಹೆಬ್ಬೆರಳು ಬುಡದವರೆಗೆ ಇದ್ದಿಲಾಗಿತ್ತು. ಆ ಕೈ ಇನ್ನೆಂದೂ ಕೀ ಉಜ್ಜುವ ಅರ ಹಿಡಿಯುವುದಿಲ್ಲ. ಚಿಲಕ ಸರಿದು ಬಾಗಿಲು ತೆರೆಯಿತು.

ಹೆಂಡತಿ ದೀಪ ಹಚ್ಚಿ ಅವನ ಕೈಗೆ ಬಟ್ಟೆ ಸುತ್ತಿದಳು. ಅವನು ಚಾಪೆಯ ಹತ್ತಿರ ಬಂದು ನಿಂತುಬಿಟ್ಟ. ಕೂರಲು ನಾಚಿಕೆಯಾಯಿತು.

"ನಾನು ಬರದೆ ಇದ್ರೂ ಇದನ್ನ ಯಾಕೆ ಹಾಸಿಟ್ಟೆ?" ಎಂದ. ದನಿ ಮರಳಿತ್ತು.

"ಎಷ್ಟೋ ಸಲ ಮಡಚೋಕೆ ಹೋದೆ ರೀ. ಕೈ ಇಟ್ರೆ ಬೆಚ್ಚಗಿರ್ತಿತ್ತು. ನಿಮ್ಮ ಜಾಗದಲ್ಲಿ ಯಾರೋ ಕೂತು ನಿಮಗೋಸ್ಕರ ಕಾಯ್ತಿರೋ ಹಾಗೆ. ಹೇಗೆ ಎಬ್ಬಿಸ್ಲಿ?"

ಅವನು ಬಗ್ಗಿ ಉಳಿದ ಕೈಯನ್ನು ಚಾಪೆಯ ಮೇಲಿಟ್ಟ. ಇನ್ನೂ ಬೆಚ್ಚಗಿತ್ತು. ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಾ ಕೂತ.