ಮೇಷ್ಟ್ರ ಕೋಟಿನ ಗುಂಡಿ

ನನ್ನ ಸೋದರತ್ತೆ ಹೊಲಿಗೆಯವಳು. ಗುಂಡಿ ಕಿತ್ತ ಬಟ್ಟೆಯಲ್ಲಿ ಯಾರನ್ನೂ ಮನೆಯಿಂದ ಕಳಿಸುತ್ತಿರಲಿಲ್ಲ. ಹೊಲಿದು, ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು. ಅವಳು ಉಯಿಲಿನಲ್ಲಿ ನನಗೆ ಬಿಟ್ಟುಹೋದ ಮನೆಯನ್ನು ಮಾರಲು ಕೋರ್ಟಿನ ಆದೇಶ ಬರಬೇಕಿತ್ತು. ಅಲ್ಲಿಯವರೆಗೆ ಕಾಯಲು ಒಪ್ಪಿದವರು ಒಬ್ಬ ಮೇಷ್ಟ್ರು ಮಾತ್ರ.

ಅವರು ಮನೆ ನೋಡಲು ಬಂದಾಗ ಕೋಟಿಗೆ ಮೇಲಿನ ಗುಂಡಿಯೇ ಇರಲಿಲ್ಲ. ತಿಂಗಳುಗಟ್ಟಲೆ ಮುಚ್ಚಿದ್ದ ಹೊಲಿಗೆ ಕೋಣೆ ಬೆಚ್ಚಗಿತ್ತು, ಆಗಷ್ಟೇ ಇಸ್ತ್ರಿ ಮಾಡಿದ ವಾಸನೆ. ಮೇಷ್ಟ್ರು ಸೆಕೆಯೆಂದು ಕೋಟು ಬಿಚ್ಚಿ ಅಲ್ಲಿಟ್ಟರು. ಮಹಡಿ ನೋಡಿ ಬಂದು ತೊಟ್ಟುಕೊಂಡರೆ ಗುಂಡಿ ಇತ್ತು.

"ಒಳಗೆ ಯಾರಿದಾರೆ?"

"ಯಾರೂ ಇಲ್ಲ ಸಾರ್. ಅದು ನಮ್ಮತ್ತೆ ಕೋಣೆ."

ವ್ಯಾಪಾರ ಕೆಟ್ಟಿತು ಅಂದುಕೊಂಡೆ. ಮೇಷ್ಟ್ರು ಗುಂಡಿಯನ್ನು ಎಳೆದು ನೋಡಿದರು.

"ಇದನ್ನ ಗಮನಿಸೋರೇ ಇರಲಿಲ್ಲ ನಂಗೆ. ಕಾಯ್ತೀನಿ ಬಿಡಿ. ಅವರನ್ನ ಮಾತ್ರ ಕಳಿಸಬೇಡಿ."

ನಾನು ದಾರದ ತುದಿ ಮುಟ್ಟಿದೆ. ಇನ್ನೂ ಒದ್ದೆಯಾಗಿತ್ತು.