ಕಂಪನಿಯವರೇ ಬಂದಿದ್ದಾರೆ

ಕಾದ ಸೋಲ್ಡರಿಂಗ್ ಐರನ್ ನನ್ನ ಬಲಗಣ್ಣಿಗೆ ಬೆರಳಷ್ಟು ದೂರದಲ್ಲಿತ್ತು. ಒಂದು ಸೀನು ಬಂದಿದ್ದರೂ ನಾನು ಒಕ್ಕಣ್ಣ!

"ಯಾರೋ ನೀನು? ಅಪ್ಪನ ಕ್ಯಾಲ್ಕುಲೇಟರ್‌ಗೆ ಯಾಕೋ ಕೈ ಹಾಕಿದೆ?" ರೇಡಿಯೋ ರಿಪೇರಿಯವನು ಗುಡುಗಿದ.

"ಕಂಪನಿಯಿಂದ... ಗ್ರಾಫ್ ಕ್ಯಾಲ್ಕುಲೇಟರ್ ಕಂಪನಿ! ಸಪೋರ್ಟ್ ವಿಭಾಗ!"

ಐರನ್ ಕೆಳಗಿಳಿಯಿತು.

"ಅಯ್ಯೋ, ಕೂತ್ಕೊಳ್ಳಿ ಸಾರ್! ನಿಮ್ಮ ಮೆಷಿನ್‌ಗೆ ಪ್ರೋಗ್ರಾಂ ಬರೀತೀನಿ, ಸ್ವಲ್ಪ ಹೇಳ್ಕೊಡಿ ಅಂತ ಎಷ್ಟು ಸಲ ಕೇಳ್ಕೊಂಡೆ! ಕೊನೆಗೂ ಬಂದ್ರಲ್ಲ!"

ಸಿಟ್ಟಿನ ಮುಖ ಹೂವಿನಂತೆ ಅರಳಿತು. ನನಗೆ ಅಸಹ್ಯವಾಯಿತು. ಇಷ್ಟು ಸುಲಭಕ್ಕೆ ಯಾರಾದರೂ ನಂಬುತ್ತಾರೆಯೇ?

ನಾವು ಉತ್ತರಿಸಿರಲಿಲ್ಲ, ನಿಜ. ಸ್ವಂತ ಪ್ರೋಗ್ರಾಂ ತುರುಕಲು ಅವನೇ ಮೆಷಿನ್‌ನಲ್ಲೊಂದು ಕಳ್ಳಕಿಂಡಿ ಹುಡುಕಿ, ಹವ್ಯಾಸಿಗಳಿಗೆಲ್ಲ ಹಂಚಿದ್ದ. ಅದೇ ಕಿಂಡಿಯಿಂದ ಪರೀಕ್ಷೆಯಲ್ಲಿ ಹುಡುಗರ ಕಾಪಿ ಶುರುವಾಗಿತ್ತು! ಕಿಂಡಿ ಮುಚ್ಚುವುದು ನನ್ನ ಕೆಲಸ. ಮೊದಲು ಅವನದೇ ಮೆಷಿನ್‌ನಲ್ಲಿ.

ಆದರೆ ಆ ಮೆಷಿನ್ ಅವನಪ್ಪನ ತೊಡೆಯ ಮೇಲಿತ್ತು. ಪಾರ್ಶ್ವವಾಯು. ಮಾತು ಹೋಗಿತ್ತು. ಒಂದು ಬೆರಳಷ್ಟೇ ಜೀವಂತ. ಆ ಬೆರಳು ಒತ್ತಿದರೆ ಸ್ಕ್ರೀನಿನ ಮೇಲೆ ಪದ ಮೂಡುತ್ತಿತ್ತು... ನೀರು. ನೋವು. ಮಗನೇ.

ಒಂದೊಂದು ಅಕ್ಷರವನ್ನೂ ಮಗ ಚುಕ್ಕಿ ಚುಕ್ಕಿ ಇಟ್ಟು ಬರೆದಿದ್ದ.

"ಹೊಸ ಅಪ್‌ಡೇಟ್ ತಂದಿದ್ದೀನಿ," ಎಂದೆ.

"ಪ್ರೋಗ್ರಾಂ ಉಳಿಯುತ್ತಲ್ವಾ ಸಾರ್?"

"ಇನ್ನೂ ಫಾಸ್ಟ್ ಆಗುತ್ತೆ!"

ಮುದುಕ ನನ್ನನ್ನೇ ದಿಟ್ಟಿಸಿದ. ಬೆರಳು ಗುಂಡಿ ಒತ್ತಿತು. ಸ್ಕ್ರೀನಿನ ಮೇಲೆ ಬಂತು...

ಬೇಡ.

"ಸುಮ್ನಿರಪ್ಪಾ! ಕಂಪನಿಯವರೇ ಬಂದಿದ್ದಾರೆ!"

ಮಗನೇ ಮೆಷಿನ್ ಕಿತ್ತುಕೊಂಡ. ಮಗನೇ ಕೇಬಲ್ ಚುಚ್ಚಿದ. ನಾನು ಕೈ ಕಟ್ಟಿ ನಿಂತಿದ್ದೆ.

ಅಪ್‌ಡೇಟ್ ಮುಗಿಯಿತು. ಹಳೆಯದಕ್ಕೆ ಹಿಂತಿರುಗುವ ದಾರಿಯನ್ನು ನಮ್ಮವರು ಇಟ್ಟಿರಲಿಲ್ಲ.

ಮುದುಕ ಒತ್ತಿದ. ಪದವಿಲ್ಲ, ಬರೀ ಅಂಕಿ. ಏಳು. ಮತ್ತೆ ಒತ್ತಿದ. ಏಳು, ಏಳು, ಏಳು... ಕಣ್ಣಿಂದ ನೀರು ಇಳಿಯಿತು. ನನ್ನ ಕರುಳು ಒಮ್ಮೆ ಚುರುಕ್ಕೆಂದಿತು. ಒಮ್ಮೆ ಮಾತ್ರ.

ಮಗ ನನ್ನತ್ತ ತಿರುಗುವಷ್ಟರಲ್ಲಿ ನಾನು ಬಾಗಿಲಲ್ಲಿದ್ದೆ!

ಮೆಟ್ಟಿಲು ಹಾರಿದೆ. ಅವನೆಸೆದ ಐರನ್ ಹಾರಿ ಬಂದು ನನ್ನ ಭುಜ ಸುಟ್ಟಿತು. ಗಲ್ಲಿಯ ತಳ್ಳುಗಾಡಿ ಉರುಳಿಸಿದೆ. ಅವನು ಎಡವಿ ಬಿದ್ದ. ನಾನು ಬೈಕ್ ಹತ್ತಿದೆ.

"ಸಾರ್! ಹಳೇದನ್ನೇ ಹಾಕಿಕೊಡಿ ಸಾರ್!"

ಕೇಳಿದಿರಾ? ಆಗಲೂ ಸಾರ್!

ಸಿಗ್ನಲ್‌ನಲ್ಲಿ ಬಾಸ್ ಫೋನು.

"ಕೆಲಸ ಆಯ್ತಾ? ತಕರಾರೇನಾದ್ರೂ?"

"ಮಗನದು ಸ್ವಲ್ಪ ಕೂಗಾಟ. ಅಪ್ಪ ಮಾತ್ರ... ತುಟಿ ಪಿಟಿಕ್ ಅನ್ನಲಿಲ್ಲ!"