ಕಡ್ಡಿಯಿಂದ ಕಡ್ಡಿಗೆ

ಮೂಲಂಗಿ ಉಪ್ಪಿನಕಾಯಿಯ ಒಂದು ಹೋಳಿನಿಂದ ನಮ್ಮ ಬಣ್ಣ ಮೊದಲ ದಿನವೇ ಬಯಲಾಗುವುದರಲ್ಲಿತ್ತು.

ಕೋಟೆಯ ಕೆಳಗೆ ಛತ್ರಿ ಮಾಡುವವರ ಓಣಿಯಿದೆ. ಅಲ್ಲಿಗೆ ನಾನೂ ಇಸಾಕುವೂ ಗಂಡ ಹೆಂಡತಿ ಅಂತ ಹೇಳಿಕೊಂಡು ಬಂದಿದ್ದೆವು. ಪಕ್ಕದ ಮನೆಯ ಒತೊರಾ ಅಜ್ಜಿ ಹೊಸಬರು ಹಸಿದುಕೊಂಡಿರಬಾರದು ಅಂತ ಬಿಸಿ ಅನ್ನ, ಸಾರು, ಮೂಲಂಗಿ ತಂದಿಟ್ಟು, ಎದುರಿಗೇ ಕೂತು ನಮ್ಮನ್ನು ನೋಡತೊಡಗಿದಳು. ಗಂಡನಾದವನು ಹೆಂಡತಿಗೆ ಉಪಚಾರ ಮಾಡಬೇಕಲ್ಲ. ಇಸಾಕು ತನ್ನ ಊಟದ ಕಡ್ಡಿಗಳಲ್ಲಿ ದೊಡ್ಡ ಹೋಳೊಂದನ್ನು ಎತ್ತಿ ನನ್ನ ಕಡೆ ಚಾಚಿದ. ನಾನು ನನ್ನ ಕಡ್ಡಿಗಳಲ್ಲಿ ಅದನ್ನು ಹಿಡಿದುಕೊಂಡೆ.

ಅಜ್ಜಿಯ ಮುಖ ಬಿಳುಚಿಕೊಂಡಿತು.

"ಥೂ, ಬಿಡ್ರೋ ಅದನ್ನ," ಅಂದಳು. "ಹೆಣ ಸುಟ್ಟ ಮೇಲೆ ಮೂಳೆ ಆಯೋವಾಗ ಹಾಗೆ ಕೊಡೋದು, ಕಡ್ಡಿಯಿಂದ ಕಡ್ಡಿಗೆ. ಅನ್ನ ತಿನ್ನೋವಾಗ ಯಾರಾದ್ರೂ ಮಾಡ್ತಾರಾ? ನಿಮ್ಮಮ್ಮ ಇಷ್ಟೂ ಹೇಳಿಕೊಡಲಿಲ್ವಾ?"

ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಬೆಳೆದದ್ದು ಬೆಟ್ಟದ ಮೇಲಿನ ಒಂದು ಮನೆಯಲ್ಲಿ. ತಬ್ಬಲಿ ಮಕ್ಕಳನ್ನು ತಂದು ಸಾಕಿ, ಕೊಲ್ಲುವುದನ್ನು ಕಲಿಸುವ ಮನೆ ಅದು. ಗೋಡೆಗೆ ಬೆನ್ನು ಕೊಟ್ಟು, ನಿಂತುಕೊಂಡೇ ಗಬಗಬ ತಿಂದು ಮುಗಿಸುವುದು ಅಲ್ಲಿನ ಊಟ. ಇಬ್ಬರು ಎದುರುಬದುರಾಗಿ ಕಡ್ಡಿ ಹಿಡಿಯುತ್ತಿದ್ದದ್ದು ಒಂದೇ ಕೆಲಸಕ್ಕೆ, ನಮ್ಮಲ್ಲಿ ಯಾರಾದರೂ ಸತ್ತು, ಸುಟ್ಟ ಮಾರನೆಯ ಬೆಳಿಗ್ಗೆ. ಅದು ಮಾತ್ರ ನಮಗೆ ಚೆನ್ನಾಗಿ ರೂಢಿಯಾಗಿತ್ತು. ಒಬ್ಬರಿಗೊಬ್ಬರು ಅಕ್ಕರೆಯಿಂದ ಏನಾದರೂ ಕೊಡುವುದೆಂದರೆ ಹಾಗೇ ಇರಬೇಕು ಅಂತ ಇಸಾಕು ಅಂದುಕೊಂಡಿದ್ದ. ನಾನೂ ಹಾಗೇ ಅಂದುಕೊಂಡಿದ್ದೆ.

"ನಾವಿಬ್ರೂ ತಬ್ಬಲಿಗಳು ಅಜ್ಜಿ," ಅಂದೆ. "ಸುಡುಗಾಡಿನ ಪಕ್ಕದ ಮಠದಲ್ಲಿ ಬೆಳೆದವರು."

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಬೆಟ್ಟದಲ್ಲಿ ಇರಲಿಲ್ಲ. ಆದರೆ ಈ ಸುಳ್ಳಿನಲ್ಲಿ ಅರ್ಧ ನಿಜವಿತ್ತು. ಅಜ್ಜಿ ಆ ಹೋಳನ್ನು ಹೊರಗೆಸೆದು ಬಂದಳು. ಇನ್ನೊಂದು ಹೋಳನ್ನು ಇಸಾಕುವಿನ ಕಡ್ಡಿಗೆ ಕೊಟ್ಟು, ಅವನ ಮುಂಗೈ ಹಿಡಿದು ನನ್ನ ಬಟ್ಟಲಿನ ಮೇಲಕ್ಕೆ ತಂದಳು.

"ಹೀಗೆ. ಅವಳ ಬಟ್ಟಲಿಗೆ ಹಾಕು. ಎತ್ಕೊಂಡು ಅವಳೇ ತಿಂತಾಳೆ."

ಸಂಸಾರ ಮಾಡುವುದನ್ನು ನಾವು ಹೀಗೆ ಕಲಿತೆವು. ಹೊರಗೆ ಹೊರಟವರು "ಹೋಗಿ ಬರ್ತೀನಿ" ಅನ್ನಬೇಕಂತೆ, ಒಳಗಿದ್ದವರು "ಹೋಗಿ ಬಾ" ಅನ್ನಬೇಕಂತೆ. ತಿರುಗಿ ಬಂದಾಗ ಹೊಸ್ತಿಲಲ್ಲೇ "ಬಂದೆ" ಅನ್ನಬೇಕು, ಅದಕ್ಕೆ "ಬಂದ್ಯಾ" ಅಂತ ಒಳಗಿನಿಂದ ಉತ್ತರ ಬರಬೇಕು. ಬೆಟ್ಟದಲ್ಲಿ ಕೆಲಸಕ್ಕೆ ಹೊರಟವರು ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಬರ್ತೀನಿ ಅಂತ ಮಾತು ಕೊಡುವಷ್ಟು ನಮ್ಮ ಜೀವ ನಮ್ಮದಾಗಿರಲಿಲ್ಲ.

ಇಸಾಕು ಬಿದಿರು ಸೀಳಿ, ಕಾಗದ ಅಂಟಿಸಿ, ಎಣ್ಣೆ ಬಳಿದು ಛತ್ರಿ ಮಾಡುತ್ತಿದ್ದ. ನಾನು ಕೋಟೆಯ ದಿವಾನರಾದ ಸಕಾಕಿಯವರ ಮನೆಯಲ್ಲಿ ನೀರು ಹೊತ್ತು, ಬಟ್ಟೆ ಒಗೆದು ಬರುತ್ತಿದ್ದೆ. ನಮ್ಮನ್ನು ಕಳಿಸಿದ್ದು ಆ ದಿವಾನರಿಗಾಗಿಯೇ. ಯಾಕೆ ಅಂತ ನಮಗೆ ಹೇಳಿರಲಿಲ್ಲ, ನಾವು ಕೇಳಲೂ ಇಲ್ಲ.

"ಮಿಯೊ, ಅಜ್ಜಿ ಮುಂದೆ ನನ್ನ ಏನಂತ ಕರೆದೆ ಇವತ್ತು?" ಅಂತ ಒಂದು ಮಧ್ಯಾಹ್ನ ಇಸಾಕು ಕೇಳಿದ.

"ಏನಂತ ಕರೆದೆ?"

"ರೀ ಅಂದೆ."

"ಅದು ವೇಷಕ್ಕೆ."

"ವೇಷಕ್ಕೇ ಇನ್ನೊಂದ್ಸಲ ಅನ್ನು."

"ಅಜ್ಜಿ ಇಲ್ಲಿಲ್ವಲ್ಲ."

"ಕರ್ಕೊಂಡು ಬರ್ಲಾ?"

ಇನ್ನೂ ಕಾಗದ ಹಚ್ಚದ ಛತ್ರಿಯೊಂದು ಅವನ ಕೈಯಲ್ಲಿತ್ತು. ಅದನ್ನು ಮುಖಕ್ಕೆ ಅಡ್ಡ ಹಿಡಿದು ಮೆಲ್ಲಗೆ ತಿರುಗಿಸುತ್ತ, ಬಿದಿರಿನ ಸಂದಿಗಳಿಂದ ನನ್ನನ್ನು ನೋಡಿದ. ಕಣ್ಣು ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಮೂಗಿನ ತುದಿಗೆ ಅಂಟು ಮೆತ್ತಿಕೊಂಡಿತ್ತು. ಚಿಕ್ಕಂದಿನಿಂದ ಮರದ ಕತ್ತಿ ಹಿಡಿದು ಅವನ ಎದುರು ನಿಂತವಳು ನಾನು. ಆ ಕಣ್ಣು ಯಾವ ಕಡೆ ಹೊರಳಿದರೆ ಏಟು ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದವಳು. ಈ ನೋಟವನ್ನು ಮಾತ್ರ ತಪ್ಪಿಸಿಕೊಳ್ಳಲು ಗೊತ್ತಾಗಲಿಲ್ಲ. ಬಟ್ಟೆ ಮಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

"ಅಂಟು ಒರೆಸ್ಕೊ," ಅಂದೆ.

"ನೀನೇ ಒರೆಸು."

ಒರೆಸಲಿಲ್ಲ. ಆಮೇಲೆ ಎಷ್ಟೋ ದಿನ, ಒರೆಸಬೇಕಿತ್ತು ಅಂತ ಹಲುಬಿದ್ದೇನೆ.

ಮರಗಳೆಲ್ಲ ಎಲೆ ಉದುರಿಸಿದ ಮೇಲೆ, ಗಂಟೆ ಬಾರಿಸುತ್ತ ಒಬ್ಬ ಯಾತ್ರಿಕ ನಮ್ಮ ಓಣಿಗೆ ಬಂದ. ನಾನು ಅವನ ಜೋಳಿಗೆಗೆ ಅಕ್ಕಿ ಹಾಕಿದೆ. ಅವನು ಆಶೀರ್ವಾದ ಮಾಡುವವನಂತೆ ತಲೆ ಬಾಗಿಸಿ, ನನಗೂ ಪಕ್ಕದಲ್ಲಿದ್ದ ಇಸಾಕುಗೂ ಮಾತ್ರ ಕೇಳುವ ಹಾಗೆ ಬೆಟ್ಟದ ಅಪ್ಪಣೆ ಹೇಳಿದ.

"ಮೊದಲ ಹಿಮ ಬಿದ್ದ ಬೆಳಿಗ್ಗೆ. ದಿವಾನ ಹಿಮ ನೋಡೋಕೆ ಗುಡಿಗೆ ಹೊರಡ್ತಾನೆ. ಅವನಿಗೆ ಚಪ್ಪಲಿ ಇಡೋ ಹೊತ್ತಲ್ಲಿ, ಅಂಗಳದಲ್ಲೇ. ಹುಡುಗಿ ಮಾಡ್ಲಿ. ಹುಡುಗ ಮಾರನೇ ದಿನ ಬೆಟ್ಟಕ್ಕೆ ವಾಪಸ್ ಬರ್ಲಿ."

ಹುಡುಗಿಯ ವಾಪಸಾತಿಯ ಬಗ್ಗೆ ಅವನು ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಅಂಗಳದ ತುಂಬ ಕತ್ತಿ ಹಿಡಿದವರು. ಅಲ್ಲಿ ಕೈಯೆತ್ತಿದವಳು ಜೀವಂತ ಹೊರಗೆ ಬರುವ ಮಾತೇ ಇಲ್ಲ.

"ಓಡಿಹೋಗೋಣ," ಅಂದ ಇಸಾಕು, ಬಾಗಿಲು ಹಾಕಿಕೊಂಡ ಮೇಲೆ.

"ಎಲ್ಲಿಗೆ? ಹಿಂದೆ ಓಡಿಹೋದವರನ್ನ ಹುಡುಕೋಕೆ ಹೋಗಿದ್ದು ನಾವೇ ಅಲ್ವಾ? ಅವರನ್ನ ಬಚ್ಚಿಟ್ಟ ಮನೆಯವರ ಗತಿ ಏನಾಯ್ತು ಅಂತ ನೋಡಿದ್ದೀಯ. ಪಕ್ಕದಲ್ಲಿ ಅಜ್ಜಿ ಇದ್ದಾಳೆ."

ಅವನು ತುಂಬ ಹೊತ್ತು ಒಂದೇ ಬಿದಿರುಕಡ್ಡಿಯನ್ನು ಹೆರೆಯುತ್ತ ಕೂತ. ಅದು ಹುಲ್ಲಿನಷ್ಟು ತೆಳ್ಳಗಾಯಿತು.

"ಈ ವರ್ಷ ಹಿಮ ಬೀಳದೇ ಇರ್ಲಿ ಅಂತ ಬೇಡ್ಕೋಬೇಕು," ಅಂದ.

"ಬೇಡ್ಕೊ."

"ಯಾರನ್ನ? ನಮಗೆ ದೇವರನ್ನೂ ಕಲಿಸಲಿಲ್ಲ."

ನಾನು ಸಾವಿಗೆ ಹೆದರುವವಳಲ್ಲ ಅಂತ ಬೆಟ್ಟದಲ್ಲಿ ಹೆಸರಿತ್ತು. ಈಗ ಹೆದರಿಕೆಯಾಯಿತು. ನನಗೆ ಬದುಕಬೇಕಿತ್ತು. ಆ ಇಕ್ಕಟ್ಟು ಮನೆಯಲ್ಲಿ, ಎಣ್ಣೆಯ ವಾಸನೆಯ ನಡುವೆ, ಅವನ ಜೊತೆ ಜಗಳವಾಡುತ್ತ ಮುದುಕಿಯಾಗಬೇಕಿತ್ತು. ಇದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಕೈ ಅಳ್ಳಕವಾಗುತ್ತದೆ ಅಂತ ನಮಗೆ ಕಲಿಸಿದ್ದರು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಆಕಾಶ ನೋಡುವುದು ಇಬ್ಬರಿಗೂ ಅಭ್ಯಾಸವಾಯಿತು. ಬರೀ ಮೋಡ ಕಂಡರೆ ಇಸಾಕು ಹಬ್ಬದ ದಿನದ ಹಾಗೆ ಸಿಳ್ಳೆ ಹಾಕುತ್ತ ಕೆಲಸಕ್ಕೆ ಕೂರುತ್ತಿದ್ದ.

ಆ ಬೆಳಿಗ್ಗೆ ಎದ್ದಾಗಲೂ ಬರೀ ಮೋಡ ಕಂಡಿತ್ತು. ನಾನು ಒಲೆಯ ಮುಂದೆ ಕೂತು ಸಾರಿಗೆ ಮೂಲಂಗಿ ಹೆಚ್ಚುತ್ತಿದ್ದೆ. ಹಿಂದಿನ ದಿನ ಉಪ್ಪು ಜಾಸ್ತಿಯಾಗಿ ಇಸಾಕು ಗೇಲಿ ಮಾಡಿದ್ದ, ಇವತ್ತು ಅವನ ಬಾಯಿ ಮುಚ್ಚಿಸಬೇಕು ಅಂತ ರುಚಿ ನೋಡುವುದರಲ್ಲೇ ಮುಳುಗಿದ್ದೆ. ಅವನು ಚಳಿ ಮಳೆಗೆ ಹೊದೆಯುವ ಹುಲ್ಲಿನ ಗೊಪ್ಪೆ ಹೊದ್ದು, ಟೋಪಿ ಇಟ್ಟು, ಛತ್ರಿಗಳ ಕಟ್ಟು ಹೆಗಲಿಗೇರಿಸಿಕೊಂಡು, ಹೊಸ್ತಿಲಲ್ಲಿ ನಿಂತ.

"ಹೋಗಿ ಬರ್ತೀನಿ."

"ಹೋಗಿ ಬಾ," ಅಂದೆ. ತಿರುಗಿಯೂ ನೋಡಲಿಲ್ಲ.

ಸಾರು ಇಳಿಸುವಾಗ ಓಣಿಯಲ್ಲಿ ಸದ್ದೇ ಇಲ್ಲ ಅನ್ನಿಸಿತು. ಬಾಗಿಲು ಸರಿಸಿದೆ. ಹಿಮ ಬೀಳುತ್ತಿತ್ತು. ಅವನ ಹೆಜ್ಜೆಗಳು ಆಗಲೇ ಅರ್ಧ ಮುಚ್ಚಿಹೋಗಿದ್ದವು. ಅಕ್ಕಿ ಪೆಟ್ಟಿಗೆಗೆ ಕೈ ಹಾಕಿ ತಡಕಿದೆ. ಅಲ್ಲಿ ಬಚ್ಚಿಟ್ಟಿದ್ದ ನನ್ನ ಚೂರಿ ಇರಲಿಲ್ಲ.

ಕತ್ತಲಲ್ಲಿ ಇಲಿ ನಡೆದರೂ ಎಚ್ಚರಾಗುವವಳು ನಾನು. ಚೂರಿ ತೆಗೆದುಕೊಂಡು ಹೋಗುತ್ತಿದ್ದವನಿಗೆ, ಉಪ್ಪಿನ ಯೋಚನೆಯಲ್ಲಿ, ಹೋಗಿ ಬಾ ಅಂದುಬಿಟ್ಟಿದ್ದೆ. ಯಾವ ಹೆಂಡತಿಯಾದರೂ ಅನ್ನುವ ಹಾಗೆ.

ಅವನ ಹಿಂದೆ ಓಡಲು ಕಾಲು ಹವಣಿಸಿತು. ಓಡಿದ್ದರೆ ಕಂಡವರೆಲ್ಲ ಛತ್ರಿಯವನ ಹೆಂಡತಿ ಗುಡಿಯ ಕಡೆ ಓಡಿದಳು ಅನ್ನುತ್ತಿದ್ದರು, ಆಮೇಲೆ ಈ ಓಣಿಯೇ ಉಳಿಯುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಒಲೆಯ ಮುಂದೆ ಕೂತೆ. ಸಾರು ಆರಿತು. ಬಿಸಿ ಮಾಡಿದೆ. ಮತ್ತೆ ಆರಿತು.

"ಬಂದೆ," ಅಂತ ಬಾಗಿಲಲ್ಲಿ ಸದ್ದಾಯಿತು.

ಗೊಪ್ಪೆಯ ತುಂಬ ಹಿಮ ಹೊತ್ತು ನಿಂತಿದ್ದ. ಒಂದು ಕೈ ಗೊಪ್ಪೆಯೊಳಗೆ ಪಕ್ಕೆಯನ್ನು ಒತ್ತಿ ಹಿಡಿದಿತ್ತು. ಇನ್ನೆಷ್ಟು ಹೊತ್ತು ಬದುಕಿರುತ್ತಾನೆ ಅಂತ ನನಗೆ ನಿಂತ ಭಂಗಿಯಲ್ಲೇ ಗೊತ್ತಾಯಿತು. ಆ ವಿದ್ಯೆ ಗೊತ್ತಿಲ್ಲದೇ ಇದ್ದಿದ್ದರೆ ಚೆನ್ನಾಗಿತ್ತು.

"ಬಂದ್ರಾ, ರೀ," ಅಂದೆ.

ಅವನು ನಕ್ಕ. "ಅಜ್ಜಿ ಇಲ್ಲಿಲ್ವಲ್ಲ."

"ಇಲ್ಲ."

ಒಲೆಯ ಪಕ್ಕ ಕೂರಿಸಿದೆ. ದಿವಾನರಿಗೆ ಛತ್ರಿ ಬಿಚ್ಚಿ ಕೊಡುವ ನೆಪದಲ್ಲಿ ಗುಡಿಯ ದಾರಿಯಲ್ಲೇ ಕೆಲಸ ಮುಗಿಸಿದ್ದ. ಕಾವಲಿನವನೊಬ್ಬನ ಕತ್ತಿ ಪಕ್ಕೆಗೆ ಇಳಿದಿತ್ತು. ಟೋಪಿಯ ಕೆಳಗಿನ ಮುಖವನ್ನು ಯಾರೂ ನೋಡಲಿಲ್ಲ, ರಕ್ತವನ್ನೂ ಹೆಜ್ಜೆಯನ್ನೂ ಹಿಮ ಮುಚ್ಚುತ್ತ ಬಂತು ಅಂದ.

"ಯಾಕೆ ಹೋದೆ? ಹೇಳಿದ್ದು ನನಗೆ."

"ನೀನು ಹೋಗಿದ್ರೆ ಬಂದೆ ಅನ್ನೋಕೆ ಬರ್ತಿರ್ಲಿಲ್ಲ. ನಾನು ಬಂದ್ನಲ್ಲ." ಪಕ್ಕೆಯ ಮೇಲಿನ ಕೈಯನ್ನು ಬಿಗಿಮಾಡಿದ. "ಗಂಡನ ವೇಷ ಹಾಕು ಅಂದ್ರು, ಹಾಕಿದೆ. ಬಿಚ್ಚೋಕೆ ಆಗ್ಲಿಲ್ಲ, ಮಿಯೊ. ಮೊದಲನೇ ದಿನಾನೇ ಆಗ್ಲಿಲ್ಲ."

"ನನಗೂ ಆಗ್ಲಿಲ್ಲ," ಅಂದೆ. "ನನಗೆ ನೀನು ಬೇಕು. ಹೇಳಬೇಕಿತ್ತು, ಹೇಳ್ಲಿಲ್ಲ."

"ನಿನ್ನ ಸಾರಿನ ಉಪ್ಪಲ್ಲೇ ಗೊತ್ತಾಗಿತ್ತು."

ಬಟ್ಟಲು ಹಿಡಿದೆ. ಅವನಿಂದ ನುಂಗಲಾಗಲಿಲ್ಲ. ಕಡ್ಡಿಗಳನ್ನು ಕೊಡು ಅಂತ ಕೈ ಸನ್ನೆ ಮಾಡಿದ. ಮೂಲಂಗಿಯ ಒಂದು ಹೋಳು ಹಿಡಿಯಲು ಪರದಾಡಿ, ಎರಡು ಸಲ ಜಾರಿಸಿ, ಕೊನೆಗೆ ಎತ್ತಿ ನನ್ನ ಬಟ್ಟಲಿಗೆ ಹಾಕಿದ.

"ಬಟ್ಟಲಿಗೇ ಹಾಕಿದೆ, ನೋಡು," ಅಂದ. "ತಿನ್ನು."

ತಿಂದೆ. ನಾನು ಜಗಿಯುವುದನ್ನೇ ನೋಡುತ್ತಿದ್ದ. ನುಂಗಿ ತಲೆಯೆತ್ತುವಷ್ಟರಲ್ಲಿ ನೋಡುವುದನ್ನು ನಿಲ್ಲಿಸಿದ್ದ.

ಒತೊರಾ ಅಜ್ಜಿ ಹಿಮದ ದಿನದ ಬಿಸಿ ಗೆಣಸು ಹಿಡಿದು ಬಂದಳು. ಅವನನ್ನು ನೋಡಿದಳು, ಪಕ್ಕೆ ನೋಡಿದಳು, ನನ್ನ ಮುಖ ನೋಡಿದಳು. ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಆಮೇಲೆ ರಕ್ತದ ಗೊಪ್ಪೆಯನ್ನು ಬಿಡಿಬಿಡಿಯಾಗಿ ಕಿತ್ತು ಒಲೆಗೆ ಹಾಕತೊಡಗಿದಳು.

"ಜ್ವರ," ಅಂದಳು. "ಹುಡುಗನಿಗೆ ಜ್ವರ ಬಂದಿತ್ತು. ಯಾರು ಕೇಳಿದ್ರೂ ಅಷ್ಟೇ."

"ಅಜ್ಜಿ, ನಾವು ಯಾರು ಅಂದ್ರೆ..."

"ನಾನು ಕೇಳಿದ್ನಾ? ನೀರು ಕಾಯಿಸು. ಅವನಿಗೆ ಸ್ನಾನ ಮಾಡಿಸ್ಬೇಕು."

ಸಂಜೆ ಹೊತ್ತಿಗೆ ಓಣಿಯಲ್ಲಿ ಗಂಟೆಯ ಸದ್ದು ಕೇಳಿತು. ಯಾತ್ರಿಕ ನಮ್ಮ ಬಾಗಿಲಿಗೆ ಅಜ್ಜಿ ಅಂಟಿಸಿದ್ದ ಸಾವಿನ ಚೀಟಿ ನೋಡಿ, ಅವಳ ಬಾಗಿಲಲ್ಲಿ ನಿಂತು, ಪಕ್ಕದ ಮನೆಯಲ್ಲಿ ಯಾರು ಸತ್ತರು ಅಂತ ಕೇಳಿದ. ಗಂಟೆ ಕೇಳಿದೊಡನೆ ನಾನು ಅಜ್ಜಿಯ ಮನೆಯ ಒಳಗಿನ ಪರದೆಯ ಹಿಂದೆ ಅಡಗಿಕೊಂಡದ್ದನ್ನು ಅವಳು ನೋಡಿದ್ದಳು.

"ಇಬ್ಬರೂ," ಅಂದಳು ಅಜ್ಜಿ. "ಒಂದೇ ಜ್ವರ. ನೋಡ್ತೀಯಾ? ಹೋಗಿ ಬಾಗಿಲು ತೆಗಿ, ನಿನಗೂ ಅಂಟ್ಲಿ."

ಗಂಟೆ ಓಣಿಯ ಆಚೆಗೆ ಹೋಯಿತು. ಬೆಟ್ಟದ ಪಾಲಿಗೆ ನಾನು ಆವತ್ತೇ ಸತ್ತೆ. ಇಸಾಕು ತನ್ನ ಜೀವ ಕೊಟ್ಟು ಕೊಂಡು ತಂದದ್ದು ಈ ಬಿಡುಗಡೆಯನ್ನೇ. ಇದನ್ನು ಇಟ್ಟುಕೊಂಡು ಒಬ್ಬಳೇ ಏನು ಮಾಡಲಿ ಅಂತ ಕೇಳಲು ಅವನಿರಲಿಲ್ಲ.

ಹೊಳೆಯ ದಂಡೆಯಲ್ಲಿ ಸುಟ್ಟೆವು. ಮಾರನೆಯ ಬೆಳಿಗ್ಗೆ ಬೂದಿಯ ಸುತ್ತ ಹಿಮ ಕರಗಿ ನೆಲ ಕಪ್ಪಾಗಿತ್ತು. ಕಡ್ಡಿಗಳನ್ನು ಹಿಡಿದು ನಿಂತೆ. ಒಬ್ಬರೇ ಆಯುವ ಹಾಗಿಲ್ಲ, ಎದುರಿಗೆ ಇನ್ನೊಬ್ಬರು ಇರಬೇಕು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ಮೂಳೆ ದಾಟಿದರೇನೇ ಹೋದವರು ಆಚೆಯ ಹೊಳೆ ದಾಟುತ್ತಾರಂತೆ. ಇಷ್ಟು ವರ್ಷವೂ ನನ್ನ ಎದುರಿಗೆ ನಿಲ್ಲುತ್ತಿದ್ದವನು ಇಸಾಕುವೇ.

ಅಜ್ಜಿ ದಿಣ್ಣೆ ಇಳಿದು ಬಂದಳು. ಅವಳು ನಮ್ಮ ರಕ್ತಸಂಬಂಧಿಯಲ್ಲ, ಬರಬೇಕಾದ ಹಂಗೂ ಅವಳಿಗಿರಲಿಲ್ಲ. ಸೊಂಟದ ಪಟ್ಟಿಯಿಂದ ತನ್ನ ಕಡ್ಡಿಗಳನ್ನು ತೆಗೆದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಕಾಲಿನ ಕಡೆಯಿಂದ ಶುರು ಮಾಡು," ಅಂದಳು.

"ಗೊತ್ತು ಅಜ್ಜಿ."

"ಹೌದು. ಇದೊಂದು ನಿಮಗೆ ಗೊತ್ತಿತ್ತು." ಅಷ್ಟು ಅಂದು ಮೊದಲ ಸಲ ಅತ್ತಳು. "ಆವತ್ತು ಅಷ್ಟು ಬೈಬಾರದಾಗಿತ್ತು."

ಮೊದಲ ಮೂಳೆ ನನ್ನ ಕಡ್ಡಿಗಳಿಂದ ಜಾರಿತು. ಯಾವತ್ತೂ ಏನನ್ನೂ ಜಾರಿಸಿದ ಕೈಯಲ್ಲ ನನ್ನದು. ನೆಲಕ್ಕೆ ಬೀಳುವ ಮೊದಲೇ ಅಜ್ಜಿಯ ಕಡ್ಡಿಗಳು ಅದನ್ನು ಹಿಡಿದುಕೊಂಡವು.

"ಮೆಲ್ಲಗೆ ಕಣಮ್ಮ. ಅವನಿಗೇನೂ ಅವಸರ ಇಲ್ಲ."

ಕಾಲು, ಸೊಂಟ, ಪಕ್ಕೆ, ತೋಳು. ಎಲ್ಲಕ್ಕಿಂತ ಕೊನೆಗೆ ಗಂಟಲಿನ ಪುಟ್ಟ ಮೂಳೆ. ಹೋಗಿ ಬರ್ತೀನಿ ಅಂದ ಗಂಟಲು, ಬಂದೆ ಅಂದ ಗಂಟಲು. ಅದನ್ನು ನಾನು ಅಜ್ಜಿಗೆ ದಾಟಿಸಿದೆ, ಅವಳು ಮಡಕೆಗೆ ಇಳಿಸಿದಳು.

ಅಜ್ಜಿ ಮುಂದೆ ನಡೆದಳು. ಊರಾಚೆ ತನ್ನ ತಂಗಿಯ ಮನೆಯಿದೆ, ನಾಳೆ ಕತ್ತಲಿರುವಾಗಲೇ ಅಲ್ಲಿಗೆ ಹೊರಡಬೇಕು ಅಂತ ಏನೇನೋ ಹೇಳುತ್ತಿದ್ದಳು. ನಾನು ಮಡಕೆಯನ್ನು ಎದೆಗೆ ಅವುಚಿಕೊಂಡೆ. ಅದು ಇನ್ನೂ ಬೆಚ್ಚಗಿತ್ತು. ಮುಚ್ಚಳದ ಮೇಲೆ ಬೂದಿ ಮೆತ್ತಿಕೊಂಡಿತ್ತು, ತೋಳಿನಿಂದ ಒರೆಸಿದೆ.

"ರೀ, ನಡೀರಿ," ಅಂದೆ. "ಮನೆಗೆ ಹೋಗೋಣ."